ಒತ್ತಿಲ್ಲದ ನಾಲ್ಕು ಊರು

ಮೊನ್ನೆ ಹೊಳವನಹಳ್ಳಿಯಲ್ಲಿ ಒಂದು ಕೆಲಸ ಮುಗಿಸಿಕೊಂಡು ಮಧುಗಿರಿಗೆ ಪ್ರೈವೇಟ್ ಬಸ್ಸು ಹತ್ತಿದೆ. ಕೊರಟಗೆರೆಯಲ್ಲಿ ಗೊರವನಹಳ್ಳಿ ಲಕ್ಷ್ಮಿಯ ದರ್ಶನ ಮುಗಿಸಿ ಬಂದವರೆಲ್ಲ ನುಗ್ಗಿದರು. ಬಸ್ಸಿನ ತುಂಬ ಕುಂಕುಮ, ಹೂವು, ಜಜ್ಜಿದ ಬಾಳೆಹಣ್ಣಿನ ವಾಸನೆ. ಕಂಡಕ್ಟರ್ ನನ್ನ ಸೀಟಿಗೆ ಒರಗಿ ನಿಂತು ಟಿಕೆಟ್ ಮಿಷಿನ್ ಒತ್ತತೊಡಗಿದರು. ಟಿಕೆಟ್ ಮಿಷಿನ್ ಕಂಡರೆ ನನಗೆ ಸುಮ್ಮನೆ ಕೂರಲಾಗುವುದಿಲ್ಲ. ಬೇರೆಯವರು ಪಕ್ಕದವರ ಮೊಬೈಲ್ ಇಣುಕಿದರೆ ನಾನು ಕಂಡಕ್ಟರ್ ಕೈಯಲ್ಲಿರುವ ಪರದೆ ಇಣುಕುತ್ತೇನೆ. ಹೊಸ ಮಿಷಿನ್, ಬಣ್ಣದ ಪರದೆ, ಅಕ್ಷರ ಮುದ್ದಾಗಿ ಬರುತ್ತಿತ್ತು. ಪರದೆಯ ಕೆಳಗಿನ ಮೂಲೆಯಲ್ಲಿ, ಒಂದು ಸಣ್ಣ ಚೌಕದೊಳಗೆ, ಒಂದೇ ಒಂದು ಪದ ಬರೆದಿತ್ತು. ಸಾರಿಸು.

ಕತ್ತು ಚಾಚಿ ಇನ್ನೊಂದು ಸಲ ಓದಿದೆ.

ಪರದೆಯನ್ನು ಹೊಸದಾಗಿ ಬರೆಸುವ ಗುಂಡಿಗೆ ಎಲ್ಲರೂ ರಿಫ್ರೆಶ್ ಅನ್ನುತ್ತಾರೆ. ತೀರಾ ಕನ್ನಡ ಉಕ್ಕಿ ಬಂದವರು ನವೀಕರಿಸಿ ಅಂತ ಬರೆಯುತ್ತಾರೆ. ಮನೆಯ ನೆಲ ಸಾರಿಸಿದ ಹಾಗೆ ಪರದೆಯನ್ನೂ ಸಾರಿಸು ಅಂತ ಬರೆಯುವ ಹೆಂಗಸು ಈ ಭೂಮಿಯ ಮೇಲೆ ನನಗೆ ಗೊತ್ತಿದ್ದ ಹಾಗೆ ಒಬ್ಬಳೇ. ನನ್ನ ಅತ್ತಿಗೆ. ಅತ್ತಿಗೆಯಾಗಿದ್ದವಳು ಅನ್ನಬೇಕೇನೋ... ಎದುರಿಗೆ ಅವಳಿಗೆ ‘ನೀವು’ ಅನ್ನುತ್ತಿದ್ದೆ, ಮನಸ್ಸಿನೊಳಗೆ ಯಾವತ್ತೂ ಏಕವಚನವೇ. ಇಲ್ಲೂ ಹಾಗೇ ಬರೆಯುತ್ತೇನೆ.

ಆಗ ಅಣ್ಣನದು ಮಧುಗಿರಿ ಬಸ್ ಸ್ಟ್ಯಾಂಡಿನ ಎದುರು, ಮಹಡಿಯ ಮೇಲೆ, ಒಂದು ರೂಮಿನ ಆಫೀಸು. ಟಿಕೆಟ್ ಮಿಷಿನ್ ತರಿಸಿ ಪ್ರೈವೇಟ್ ಬಸ್ಸಿನವರಿಗೆ ಕೊಡುವುದು ಅವನ ವ್ಯಾಪಾರ. ಮಿಷಿನ್ನಿನ ಒಳಗೆ ಓಡುವ ಪ್ರೋಗ್ರಾಂ ನನ್ನದು. ಡಿಪ್ಲೊಮಾ ಮುಗಿಸಿ ಬಂದವಳು ಆ ರೂಮಿನ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು, ಬೈಸಿಕೊಂಡು, ಕಣ್ಣು ಕೆಂಪು ಮಾಡಿಕೊಂಡು ಬರೆದ ಪ್ರೋಗ್ರಾಂ ಅದು. ಊರುಗಳ ಹೆಸರು ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲೇ ಬರುವ ಹಾಗೆ ಮಾಡಿದ್ದೆ. ಕಂಡಕ್ಟರುಗಳು ಬಂದು, ‘ನಮ್ಮೂರ್ನ ನಮ್ ಅಕ್ಷರದಾಗೇ ತೋರಿಸ್ತದಲ್ಲಮ್ಮ’ ಅಂದಾಗ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಆ ಪ್ರೋಗ್ರಾಮಿನಲ್ಲಿ ಇನ್ನೊಂದು ಕೈಚಳಕ ಇತ್ತು. ಮೊದಮೊದಲು ಒಂದು ಊರಿನಿಂದ ಇನ್ನೊಂದು ಊರಿಗೆ ಗುಂಡಿ ಒತ್ತಿದಾಗೆಲ್ಲ ಪರದೆ ಪೂರ್ತಿ ಅಳಿಸಿ ಪೂರ್ತಿ ಬರೆಯುತ್ತಿದ್ದೆ. ಪುಟ್ಟ ಮಿಷಿನ್ನು, ನಿಧಾನ. ಪ್ರತಿ ಸಲವೂ ಪರದೆ ಬೆಳ್ಳಗೆ ಮಿಟುಕುತ್ತಿತ್ತು. ಆಮೇಲೆ ಪರದೆಯಲ್ಲಿ ಊರಿನ ಹೆಸರು ಇರುವ ಅಡ್ಡಪಟ್ಟಿಯಷ್ಟನ್ನೇ ಅಳಿಸಿ, ಅಷ್ಟರಲ್ಲೇ ಹೊಸ ಹೆಸರು ಬರೆಯುವ ಹಾಗೆ ಮಾಡಿದೆ. ಮಿಟುಕುವುದು ನಿಂತಿತು. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅಂಥ ಹೊತ್ತಿನಲ್ಲಿ ಅಣ್ಣನಿಗೆ ಮದುವೆಯಾಯಿತು. ಹುಡುಗಿ ಪಾವಗಡದ ಆಚೆ, ನಾಗಲಮಡಿಕೆ ಕಡೆಯವಳು. ಮನೆಯಲ್ಲಿ ಮಾತು ತೆಲುಗು, ಓದಿದ್ದು ಕನ್ನಡ, ಬಿಸಿಎ ಮುಗಿಸಿದವಳು. ಮದುವೆಯ ಬಳೆ ಇನ್ನೂ ಕೈಯಲ್ಲಿರುವಾಗಲೇ ಅಣ್ಣ ಅವಳನ್ನು ಆಫೀಸಿಗೆ ಕರೆದುಕೊಂಡು ಬಂದು ನನ್ನ ಪಕ್ಕ ಇನ್ನೊಂದು ಕುರ್ಚಿ ಹಾಕಿದ. ‘ಇಬ್ರೂ ಸೇರಿ ನೋಡ್ಕಳಿ’ ಅಂದ. ನನಗೇನು ಕಾಯಿಲೆಯಾಗಿತ್ತು, ನಾನೊಬ್ಬಳೇ ನೋಡಿಕೊಳ್ಳುತ್ತಿರಲಿಲ್ಲವೇ?

ಅವಳಿಗೆ ಹುರಿದ ಕಡಲೆಕಾಯಿ ಇಲ್ಲದೆ ಕೆಲಸ ಸಾಗುತ್ತಿರಲಿಲ್ಲ. ಸಿಪ್ಪೆಯೆಲ್ಲ ನನ್ನ ಕೀಬೋರ್ಡಿನ ಸಂದಿಗೆ. ಸಣ್ಣದಕ್ಕೂ ನಗುತ್ತಿದ್ದಳು, ನಕ್ಕರೆ ಕೆಳಗೆ ಹೂವು ಮಾರುವವರೂ ತಲೆಯೆತ್ತಿ ನೋಡಬೇಕು. ಅವರ ಕಡೆ ಗಂಡನ ತಂಗಿಯನ್ನು ಹೆಸರು ಹಿಡಿದು ಕರೆಯುವುದಿಲ್ಲವಂತೆ, ಅದಕ್ಕೇ ನನ್ನನ್ನು ‘ಪಾಪಾ’ ಅನ್ನುತ್ತಿದ್ದಳು. ಅವರಲ್ಲಿ ಅದಕ್ಕೆ ಚಿಕ್ಕ ಹುಡುಗಿ ಅಂತ ಅರ್ಥವಂತೆ. ನಮ್ಮಲ್ಲಿ ಅಯ್ಯೋ ಪಾಪ ಅನ್ನುವುದಕ್ಕೂ ಅದೇ ಮಾತು. ಕಂಡಕ್ಟರುಗಳ ಎದುರು ಅವಳು ಪಾಪಾ ಅಂತ ಕೂಗಿದಾಗ ನನ್ನ ಮೈಯೆಲ್ಲ ಉರಿಯುತ್ತಿತ್ತು. ಹಾಗೆ ಕರೆಯಬೇಡಿ ಅಂತ ಹೇಳಿದೆ. ‘ಸರಿ ಪಾಪಾ’ ಅಂದಳು.

ಅಮ್ಮನಂತೂ ಅವಳನ್ನು ತಲೆಯ ಮೇಲೆ ಕೂರಿಸಿಕೊಂಡುಬಿಟ್ಟಳು. ಮಧ್ಯಾಹ್ನದ ಊಟದ ಕ್ಯಾರಿಯರ್ ಬಿಚ್ಚಿದರೆ ಮೇಲಿನ ಡಬ್ಬಿಯಲ್ಲಿ ಅವಳಿಗೆ ಇಷ್ಟವಾದ ಪಲ್ಯ, ನನ್ನದು ತಳದಲ್ಲಿ. ‘ನೋಡೇ, ಆ ಹುಡ್ಗಿ ಹೆಂಗೆ ನಗ್‍ನಗ್ತಾ ಕೆಲ್ಸ ಮಾಡ್ತದೆ. ನೀನು ಮೊಕ ಗಂಟಾಕ್ಕಂಡೇ ಹುಟ್ಟಿದ್ದೀಯ’ ಅನ್ನುವುದು ಬೇರೆ. ಹುಟ್ಟಿಸಿದವಳು ಯಾರೋ! ಆಫೀಸಿಗೆ ಬಂದವರು ಮೊದಲು, ‘ಅಮ್ಮೋರು ಇಲ್ವಾ?’ ಅಂತ ಹುಡುಕುತ್ತಿದ್ದದ್ದು ಅವಳನ್ನು. ನಾನು ಕಣ್ಣೆದುರು ಕೂತಿರುತ್ತಿದ್ದೆ. ಹೊಟ್ಟೆಕಿಚ್ಚು ಅಂದರೆ ಬರೀ ಮಾತಲ್ಲ, ನಿಜವಾಗಿಯೂ ಹೊಟ್ಟೆಯಲ್ಲೇ ಉರಿಯುತ್ತದೆ, ಮಜ್ಜಿಗೆ ಕುಡಿದರೂ ಇಳಿಯುವುದಿಲ್ಲ. ಇಷ್ಟಾದರೂ ಒಂದು ಸಮಾಧಾನವಿತ್ತು. ಮನೆ ಅವಳದಾದರೆ ಆಗಲಿ, ಅಮ್ಮ ಅವಳ ಕಡೆಯಾದರೆ ಆಗಲಿ, ಪ್ರೋಗ್ರಾಂ ನನ್ನದು, ಕಿಟಕಿ ಪಕ್ಕದ ಜಾಗ ನನ್ನದು.

ಆ ಜಾಗಕ್ಕೂ ಕುತ್ತು ಬಂತು. ಪಾವಗಡದ ದಾರಿಯ ಬಸ್ಸುಗಳ ಕಂಡಕ್ಟರುಗಳು ಒಬ್ಬೊಬ್ಬರಾಗಿ ದೂರು ತಂದರು.

‘ಅಕ್ಷರದ ಕೆಳಗೆ ಹುಳ ಬತ್ತದೆ ಕಣಮ್ಮ’ ಅಂದರು ಒಬ್ಬರು, ಮೀಸೆ ನರೆತ ಹಿರಿಯರು. ‘ಒಂದೊಂದ್ ಸಲ ಇರ್ತದೆ, ಒಂದೊಂದ್ ಸಲ ಇರಾಕಿಲ್ಲ. ಊರೇ ಬ್ಯಾರೆ ಥರ ಕಾಣ್ತದೆ. ತಪ್ಪು ಊರು ಒತ್ಬುಟ್ನೇನೋ ಅಂತ ಇನ್ನೊಂದ್ಸಲ ಒತ್ತಿ ಜನರ ತಾವ ಬೈಸ್ಕಬೇಕು.’

ಅವರ ಕೈಯಿಂದ ಮಿಷಿನ್ ಇಸಕೊಂಡು ನೋಡಿದರೆ ಏನೂ ಇಲ್ಲ. ಪರದೆ ಸ್ವಚ್ಛ. ಕಾರಣ ಈಗ ಗೊತ್ತು: ದಾರಿಯಲ್ಲಿ ಜೇಬಿನಲ್ಲಿ ಮಲಗಿದ ಮಿಷಿನ್ನು ಮತ್ತೆ ಎದ್ದಾಗ ಪರದೆಯನ್ನು ಪೂರ್ತಿ ಹೊಸದಾಗಿ ಬರೆಯುತ್ತಿತ್ತು, ಹುಳ ಇದ್ದರೂ ಅಳಿಸಿಹೋಗುತ್ತಿತ್ತು. ಆಗ ಅದು ಹೊಳೆಯಲಿಲ್ಲ. ಧೂಳು ಅಂದುಕೊಂಡೆ, ಒರೆಸಿದೆ. ಪರದೆಯ ವೈರು ಸಡಿಲವಾಗಿದೆ ಅಂದುಕೊಂಡೆ, ಬದಲಾಯಿಸಿದೆ. ಬ್ಯಾಟರಿ ಬದಲಾಯಿಸಿದೆ. ಬರೆಯುವುದಕ್ಕೆ ಮುಂಚೆ ಚೂರು ತಡೆದು ಬರೆ ಅಂತ ಪ್ರೋಗ್ರಾಮಿನಲ್ಲಿ ಸೇರಿಸಿದೆ. ಒಂದೇ ಹೆಸರನ್ನು ಎರಡೆರಡು ಸಲ ಬರೆಸಿದೆ. ಪ್ರತಿ ತಿದ್ದುಪಡಿಯಾದ ಮೇಲೂ ಪ್ರೋಗ್ರಾಮನ್ನು ಹೊಸದಾಗಿ ತುಂಬಿ ಪರೀಕ್ಷೆ ಮಾಡುತ್ತಿದ್ದೆ. ತುಂಬಿದಾಗ ಅದರ ಜೊತೆ ನಾನು ಪರೀಕ್ಷೆಗೆ ಇಟ್ಟುಕೊಂಡಿದ್ದ ಊರುಗಳು ಬರುತ್ತಿದ್ದವು: ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ. ಮೇಲಕ್ಕೆ ಒತ್ತು, ಕೆಳಕ್ಕೆ ಒತ್ತು, ಎಷ್ಟು ಒತ್ತಿದರೂ ಹುಳವಿಲ್ಲ. ಸರಿಯಾಯಿತು ಅಂತ ಕಳಿಸಿದರೆ ಅದೇ ಕಂಡಕ್ಟರ್ ಮಾರನೇ ದಿನ ಮತ್ತೆ ಮೆಟ್ಟಿಲು ಹತ್ತಿ ಬರುತ್ತಿದ್ದರು.

ಕೊನೆಗೆ ಬಸ್ಸಿನ ಯಜಮಾನರೇ ಬಂದರು. ಒಳ್ಳೆಯ ಮನುಷ್ಯ, ಗಂಟಲು ಮಾತ್ರ ದೊಡ್ಡದು. ‘ನೋಡವ್ವ, ನಮ್ ಹುಡುಗ್ರು ಪರದೆ ನೋಡಿ ಟಿಕೆಟ್ ಕೊಡ್ಬೇಕು. ಪರದೇನೇ ಸುಳ್ಳು ಹೇಳುದ್ರೆ ನಾನೇನ್ ಮಾಡ್ಲಿ? ಮುಂದಿನ ವಾರ ನಾನು ಬರಾದ್ರೊಳಗೆ ಸರಿ ಮಾಡಿ, ಇಲ್ಲಾಂದ್ರೆ ಮಿಷಿನ್ನೆಲ್ಲ ವಾಪಸ್ ತಗಂಡ್‍ಬುಡಿ’ ಅಂದರು.

ಅವರು ಇಳಿದು ಹೋದ ಮೇಲೆ ಅಣ್ಣ ಮೇಜಿನ ಮೇಲಿದ್ದ ಮಿಷಿನ್ನನ್ನು ಎತ್ತಿ ಅವಳ ಮುಂದಿಟ್ಟ. ಆಮೇಲೆ ನನ್ನ ಮುಖ ನೋಡದೆ ಹೇಳಿದ: ‘ನೀನು ಸ್ವಲ್ಪ ದಿನ ಕೈ ಬುಡು. ಅವಳು ಈ ಕುರ್ಚಿಯಾಗೆ ಕೂತು ನೋಡ್ಲಿ.’

ಈ ಕುರ್ಚಿ ಅಂದರೆ ನನ್ನ ಕುರ್ಚಿ. ಅಳಬಾರದು ಅಂತ ಹಲ್ಲು ಕಚ್ಚಿಕೊಂಡೆ. ಅವಳಾದರೂ, ಬೇಡ ಬಿಡಿ, ಅದು ಪಾಪನ ಜಾಗ ಅನ್ನಬಾರದೇ? ಕಡಲೆಕಾಯಿ ಸುಲಿಯುತ್ತಾ ಏನೋ ಯೋಚನೆ ಮಾಡುತ್ತಿದ್ದಳು. ‘ಇಲ್ಲಿ ಕೂತು ನೋಡುದ್ರೆ ಏನೂ ಕಾಣಾಕಿಲ್ಲ, ಇಬ್ರೂ ಬಸ್ಸಿನಾಗೆ ಹೋಗಿ ನೋಡಾನ’ ಅಂದಳು. ಹೇಗೂ ಅವಳು ತವರಿಗೆ ಹೋಗಿ ಬರುವುದಿತ್ತು. ಅಮ್ಮ ಅವಳ ತವರಿಗೆ ಅಂತ ಡಬ್ಬಿ ತುಂಬ ಚಕ್ಕುಲಿ ಕಟ್ಟಿ ನನ್ನ ಕೈಗೆ ಕೊಟ್ಟಳು. ಅವಳ ಡಬ್ಬಿ ಹೊರಲಿಕ್ಕೂ ನಾನೇ ಆದೆ.

ಪಾವಗಡದ ಬಸ್ಸಿನಲ್ಲಿ ಕಂಡಕ್ಟರ್ ಸೀಟಿನ ಹಿಂದೆ ಇಬ್ಬರೂ ಕೂತೆವು. ಅದೇ ಹಿರಿಯ ಕಂಡಕ್ಟರ್. ನಾನು ಪರದೆಯಿಂದ ಕಣ್ಣು ಕೀಳಲಿಲ್ಲ. ಅವಳಿಗಿಂತ ಮೊದಲು ನನಗೆ ಕಾಣಬೇಕು, ಅಷ್ಟೇ ನನ್ನ ಪ್ರಾರ್ಥನೆ. ಕಾಣದೇ ಹೋದರೂ ಪರವಾಗಿಲ್ಲ, ಅವಳಿಗೆ ಕಾಣದಿದ್ದರೆ ಸಾಕು ಅಂತಲೂ ಒಂದು ಸಲ ಅನ್ನಿಸಿತು. ಅವಳೋ, ಮುಂದಿನ ಸೀಟಿನ ಅಜ್ಜಿಯ ಹತ್ತಿರ ತೆಲುಗಿನಲ್ಲಿ ಊರಿನ ಸಮಾಚಾರ ಮಾತಾಡುತ್ತಾ, ಆಗೊಮ್ಮೆ ಈಗೊಮ್ಮೆ ಪರದೆಯ ಕಡೆ ಕತ್ತು ಚಾಚುತ್ತಿದ್ದಳು. ಊರು ಬಂತು, ಹೋಯಿತು. ಗುಡ್ಡದ ಗೇಟ್ ಅನ್ನುವಲ್ಲಿ ನಾಲ್ಕು ಜನ ಇಳಿದರು. ಕಂಡಕ್ಟರ್ ಗುಂಡಿ ಒತ್ತಿದರು. ಮುಂದಿನ ಸ್ಟಾಪು ಗುಡಿ ಗೇಟ್. ನಾನೂ ಗುಡಿ ಗೇಟ್ ಅಂತಲೇ ಓದಿಕೊಂಡೆ.

ಪಕ್ಕದಲ್ಲಿ ಅವಳು ಕಿಸಕ್ಕನೆ ನಕ್ಕಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಇಡೀ ಬಸ್ಸು ತಿರುಗಿ ನೋಡಿತು.

‘ಪಾಪಾ, ಚೂಡು ಚೂಡು! ಗುಡ್ಡಿ ಗೇಟಂತೆ!’

‘ಏನು ಗುಡ್ಡಿ?’ ಅಂದೆ, ಸಿಡುಕಿ.

‘ಗುಡ್ಡಿ ಅಂದ್ರೆ ನಮ್ ತೆಲುಗಿನಾಗೆ ಕುರುಡಿ ಕಣೇ. ಕುರುಡಿ ಗೇಟು!’

ನೋಡಿದೆ. ನಿಜ. ಗುಡಿ ಅನ್ನುವುದರ ಡಿ ಕೆಳಗೆ ಒಂದು ಡ ಒತ್ತು ಜೋತುಬಿದ್ದಿತ್ತು. ಅಲ್ಲಿರುವುದು ಗುಡಿ ಅಂತ ನನಗೆ ಗೊತ್ತಿತ್ತು, ಅದಕ್ಕೇ ನನ್ನ ಕಣ್ಣು ಗುಡಿ ಅಂತಲೇ ಓದಿ ಮುಂದೆ ಹೋಗಿತ್ತು. ಅವಳಿಗೆ ಆ ಒತ್ತಿನ ಸಮೇತ ಒಂದು ಬೇರೆ ಮಾತು ಗೊತ್ತಿತ್ತು. ಕಂಡಕ್ಟರ್ ಕೈಯಿಂದ ಮಿಷಿನ್ ಕಿತ್ತುಕೊಂಡೆ. ಹಿಂದಕ್ಕೆ ಒತ್ತಿದೆ, ಗುಡ್ಡದ ಗೇಟ್. ಮುಂದಕ್ಕೆ ಒತ್ತಿದೆ, ಗುಡ್ಡಿ ಗೇಟ್. ಮೇಲಿನ ಅಕ್ಷರವೆಲ್ಲ ಅಳಿಸಿ ಹೊಸ ಅಕ್ಷರ ಬಂದಿತ್ತು, ಕೆಳಗಿನ ಒತ್ತು ಮಾತ್ರ ಹಳೇ ಹೆಸರಿನದೇ ಉಳಿದಿತ್ತು. ಗುಡ್ಡದ ಡ ಒತ್ತು ಸರಿಯಾಗಿ ಗುಡಿಯ ಕೆಳಗೆ ಬಂದು ಕೂತಿತ್ತು. ನಾನು ಅಳಿಸುತ್ತಿದ್ದ ಪಟ್ಟಿಯ ಎತ್ತರ ಮಿಷಿನ್ ಮಾಡಿದವರು ಇಂಗ್ಲಿಷ್ ಅಕ್ಷರಕ್ಕೆ ಕೊಟ್ಟ ಅಳತೆ. ಇಂಗ್ಲಿಷಿಗೆ ಒತ್ತು ಎಲ್ಲಿಂದ ಬರಬೇಕು? ಕನ್ನಡದ ಒತ್ತು ಆ ಪಟ್ಟಿಯಿಂದ ಕೆಳಕ್ಕೆ ಇಳಿದಿರುತ್ತಿತ್ತು, ಅಲ್ಲಿಗೆ ನನ್ನ ಅಳಿಸುವ ಕೈ ತಲುಪುತ್ತಲೇ ಇರಲಿಲ್ಲ.

‘ಇದೇ ಕಣಮ್ಮ ಹುಳ!’ ಅಂದರು ಕಂಡಕ್ಟರ್, ಮಗು ಹುಟ್ಟಿದಷ್ಟು ಖುಷಿಯಾಗಿ.

ಅವಳು ನಗು ನಿಲ್ಲಿಸಿ ನನ್ನ ಕಡೆ ತಿರುಗಿದಳು. ‘ನೀನು ಆಫೀಸಿನಾಗೆ ಪರೀಕ್ಷೆ ಮಾಡ್ತೀಯಲ್ಲ, ಆ ನಾಕೂರು ಹೇಳು.’

‘ಮಧುಗಿರಿ, ಸಿರಾ, ಕೊರಟಗೆರೆ...’ ಪಾವಗಡ ಅನ್ನುವಷ್ಟರಲ್ಲಿ ನನಗೂ ಗೊತ್ತಾಗಿತ್ತು.

‘ಒಂದಕ್ಕೂ ಒತ್ತಿಲ್ಲ!’ ಅಂದಳು. ‘ಒತ್ತೆಲ್ಲಾ ಹಳ್ಳಿಯಾಗೈತೆ ಪಾಪಾ. ಹೊಳವನಹಳ್ಳಿ, ಗೊರವನಹಳ್ಳಿ, ಹಳ್ಳಿ ಅಂದ್‍ಮೇಲೆ ಒತ್ತು ಬರಲೇಬೇಕು. ನೀನು ಬರೀ ತಾಲ್ಲೂಕಿನಾಗೇ ತಿರುಗ್ತಿದ್ದೆ.’

ಖುಷಿಯಾಗಬೇಕಿತ್ತು. ನನಗಾದದ್ದು ಒಂದೇ ಸಂಕಟ: ನನಗೆ ಕಾಣಲಿಲ್ಲ, ಇವಳಿಗೆ ಕಂಡಿತು. ಅದೂ ನಗುತ್ತಾ! ನಾನು ಊಟ ಬಿಟ್ಟು, ನಿದ್ದೆ ಬಿಟ್ಟು ಹುಡುಕಿದ್ದು ಇವಳಿಗೆ ಅಜ್ಜಿಯ ಹತ್ತಿರ ಹರಟುತ್ತಾ ಸಿಕ್ಕಿಬಿಟ್ಟಿತು. ದೇವರಿಗೆ ಕಣ್ಣಿಲ್ಲ ಅಂತ ಅಂದುಕೊಂಡೆ. ಅವಳು ತವರಿಗೆ ಹೋಗುವುದನ್ನೇ ಬಿಟ್ಟಳು. ಮುಂದಿನ ಸ್ಟಾಪಿನಲ್ಲಿ ಇಬ್ಬರೂ ಇಳಿದು, ರಸ್ತೆ ದಾಟಿ, ವಾಪಸ್ ಬಸ್ಸಿಗೆ ಹೊಂಗೆಮರದ ಕೆಳಗೆ ಕಾದೆವು. ಅವಳು ಡಬ್ಬಿ ಬಿಚ್ಚಿ ಚಕ್ಕುಲಿ ನನ್ನ ಮುಂದೆ ಹಿಡಿದಳು. ಬೇಡ ಅಂದೆ. ಹಿಡಿದೇ ಇದ್ದಳು. ತಿಂದೆ. ಬಸ್ಸು ಬರುವಷ್ಟರಲ್ಲಿ ಅವಳ ತವರಿನ ಡಬ್ಬಿ ಅರ್ಧ ಖಾಲಿಯಾಗಿತ್ತು.

ಆಫೀಸಿಗೆ ಬಂದು ಕಿಟಕಿ ಪಕ್ಕದ ಕುರ್ಚಿಯಲ್ಲಿ ನಾನೇ ಕೂತೆ. ಅವಳು ಏಳು ಅನ್ನಲಿಲ್ಲ. ಪಟ್ಟಿಯನ್ನು ಒತ್ತು ಇಳಿಯುವಷ್ಟು ಕೆಳಕ್ಕೆ ಇಳಿಸಿದೆ. ಹಾಗೆ ಇಳಿಸಿದರೆ ಅದರ ಕೆಳಗಿನ ಸಾಲಿನ ತಲೆ ಅಳಿಸಿಹೋಗುತ್ತಿತ್ತು, ಆ ಸಾಲನ್ನೂ ಕೆಳಕ್ಕೆ ಸರಿಸಿದೆ. ಪರೀಕ್ಷೆಯ ನಾಲ್ಕು ಊರುಗಳ ಜೊತೆಗೆ ಅವಳು ನಾಲಿಗೆ ಹೊರಳದಂಥ ಹಳ್ಳಿಗಳನ್ನೆಲ್ಲ ಹುಡುಕಿ ಹುಡುಕಿ ಸೇರಿಸಿದಳು. ಒಂದೂ ಹುಳ ಬರಲಿಲ್ಲ. ಇಷ್ಟಾದರೂ ಕಂಡಕ್ಟರ್ ಕೈಯಲ್ಲಿ ಒಂದು ಗುಂಡಿ ಇರಲಿ, ಅನುಮಾನ ಬಂದರೆ ಪರದೆಯನ್ನು ಪೂರ್ತಿ ಅಳಿಸಿ ಬರೆಸಿಕೊಳ್ಳಲಿ ಅಂತ ಇಬ್ಬರೂ ಒಪ್ಪಿದೆವು. ನಮ್ಮಿಬ್ಬರ ಸಂಸಾರದಲ್ಲಿ ಇಬ್ಬರೂ ಒಪ್ಪಿದ ಮೊದಲ ಸಂಗತಿ ಅದು. ಗುಂಡಿಗೆ ಹೆಸರು ಏನು ಅನ್ನುವಲ್ಲಿ ಮತ್ತೆ ಜಗಳ. ನಾನು ರಿಫ್ರೆಶ್ ಅಂತ ಬರೆದೆ. ‘ನೋಡು, ಅದ್ಕೇ ಒತ್ತೈತೆ’ ಅಂದಳು. ಪರದೆ ಶುದ್ಧ ಅಂತ ಬರೆದೆ. ‘ಧ ಒತ್ತು’ ಅಂದಳು, ಬಾಯಲ್ಲಿ ಕಡಲೆಕಾಯಿ. ಆಮೇಲೆ ನನ್ನ ಭುಜದ ಮೇಲಿಂದ ಕೈಚಾಚಿ ಅವಳೇ ಬೆರಳಾಡಿಸಿದಳು. ಸಾರಿಸು.

‘ಇದೇನು, ಹಜಾರ ಸಾರಿಸೋದಾ?’ ಅಂತ ಮೂಗು ಮುರಿದೆ.

‘ಎಲ್ಲಾರ ಮನ್ಯಾಗೂ ದಿನಾ ಹೇಳೋ ಮಾತು. ಒತ್ತಿಲ್ಲ, ಏನೂ ಇಲ್ಲ. ಇರ್ಲಿ ಬುಡು ಪಾಪಾ.’

ಇರಲಿ ಬಿಟ್ಟೆ. ಒಂದು ವಾರದೊಳಗೆ ಆ ಮಾತು ಬಸ್ ಸ್ಟ್ಯಾಂಡಿನಲ್ಲೆಲ್ಲ ಹರಡಿತು. ಒಬ್ಬ ಕಂಡಕ್ಟರ್ ಇನ್ನೊಬ್ಬರಿಗೆ, ‘ಒಂದ್ಸಲ ಸಾರ್ಸ್ಲಾ, ಸರಿಯಾಯ್ತದೆ’ ಅನ್ನುತ್ತಿದ್ದುದು ನಮ್ಮ ಕಿಟಕಿಗೆ ಕೇಳಿಸುತ್ತಿತ್ತು. ನಾನು ಕಷ್ಟಪಟ್ಟು ಬರೆದ ಇಡೀ ಪ್ರೋಗ್ರಾಮಿನಲ್ಲಿ ಜನರ ಬಾಯಲ್ಲಿ ನಿಂತದ್ದು ಅವಳ ಒಂದು ಪದ. ಇದಕ್ಕೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ, ಸುಳ್ಳೇಕೆ ಹೇಳಲಿ.

ಯಜಮಾನರು ಬಂದರು. ಅಣ್ಣ ಎದೆಯುಬ್ಬಿಸಿ, ‘ನನ್ ಹೆಂಡ್ತಿ ಕಂಡುಹಿಡಿದ್ಲು ಸಾರ್’ ಅಂದ. ಅವಳು ತಕ್ಷಣ ಅಡ್ಡ ಬಂದಳು. ‘ನಾನು ಕಂಡು ನಕ್ಕಿದ್ದಷ್ಟೇ. ತಿದ್ದಿದ್ದು ಪಾಪ. ಪ್ರೋಗ್ರಾಂ ಅವಳ್ದು, ಆ ಜಾಗ ಬುಟ್ಟು ಅವಳ್ನ ಏಳಿಸ್ಬ್ಯಾಡಿ.’ ಕೊನೆಯ ಮಾತು ಅಣ್ಣನಿಗೆ ಹೇಳಿದ್ದು. ಯಜಮಾನರು ತಲೆದೂಗಿ, ‘ಎಂಥಾ ಸೊಸೆ ಸಿಕ್ಕವಳೆ ನಿಮ್ಗೆ’ ಅಂದರು! ನನ್ನ ಪ್ರೋಗ್ರಾಂ ನನಗೆ ಉಳಿಯಿತು, ಹೊಗಳಿಕೆ ಅವಳಿಗೆ ಹೋಯಿತು. ಬುದ್ಧಿವಂತೆ ಅನ್ನುವುದು ಸಾಲದು ಅಂತ ಒಳ್ಳೆಯವಳು ಅನ್ನುವ ಹೆಸರನ್ನೂ ಅವಳೇ ತಗೊಂಡಳಲ್ಲ ಅಂತ ಅವತ್ತು ನನಗೆ ಊಟ ಸೇರಲಿಲ್ಲ.

ಆಮೇಲೆ ಒಂದಷ್ಟು ಕಾಲ ಇಬ್ಬರೂ ಅಕ್ಕಪಕ್ಕ ಕೂತು ಕೆಲಸ ಮಾಡಿದೆವು. ನಾನು ಬರೆಯುವುದು, ಅವಳು ಕೆಡಿಸಿ ನೋಡುವುದು. ಅವಳು ನಕ್ಕರೆ ಎಲ್ಲೋ ತಪ್ಪಿದೆ ಅಂತ ಅರ್ಥ. ಅವಳ ನಗು ಕೇಳಿದ ಕೂಡಲೇ ಎದೆ ಡವಡವ, ಮೈ ಉರಿ, ತಪ್ಪು ಸಿಕ್ಕಿದ ನೆಮ್ಮದಿ, ಮೂರೂ ಒಟ್ಟಿಗೆ. ಬೇರೆ ಯಾರಾದರೂ ಬಂದು ಅವಳ ಜೊತೆ ಹರಟುತ್ತಾ ಕೂತರೆ ನನಗೆ ಕೆಲಸ ಓಡುತ್ತಿರಲಿಲ್ಲ. ಯಾಕೆ ಓಡುತ್ತಿರಲಿಲ್ಲ ಅಂತ ಆಗ ಯೋಚಿಸಲಿಲ್ಲ...

ಅಣ್ಣನಿಗೂ ಅವಳಿಗೂ ಹೊಂದಲಿಲ್ಲ. ಏನಾಯಿತು ಅಂತ ನನಗೆ ಪೂರ್ತಿ ಗೊತ್ತಿಲ್ಲ, ಅದು ಅವರಿಬ್ಬರ ರೂಮಿನ ಮಾತು. ಅವಳ ನಗು ಮೊದಲು ಮನೆಯಲ್ಲಿ ನಿಂತಿತು, ಆಮೇಲೆ ಆಫೀಸಿನಲ್ಲೂ ಕಡಿಮೆಯಾಯಿತು. ಹಿರಿಯರು ಕೂತು ಮಾತಾಡಿದರು. ಒಂದು ಬೆಳಿಗ್ಗೆ ಅವಳು ಬ್ಯಾಗು ಹಿಡಿದು ಹೊರಟಳು. ಅಮ್ಮ ಅಡುಗೆಮನೆಯಿಂದ ಆಚೆ ಬರಲೇ ಇಲ್ಲ, ಒಳಗೇ ಕೂತು ಅಳುತ್ತಿದ್ದಳು. ನಾನು ಇನ್ನೊಂದು ಬ್ಯಾಗು ಹಿಡಿದು ಬಸ್ ಸ್ಟ್ಯಾಂಡಿನವರೆಗೆ ಹೋದೆ. ಪಾವಗಡದ ಬಸ್ಸು, ಅದೇ ಹಿರಿಯ ಕಂಡಕ್ಟರ್. ಅವಳು ಕಿಟಕಿ ಪಕ್ಕ ಕೂತು, ‘ಬತ್ತೀನಿ ಪಾಪಾ’ ಅಂದಳು. ನಮ್ಮಲ್ಲಿ ಹೋಗುವವರೂ ಬರ್ತೀನಿ ಅಂತಲೇ ಹೇಳುವುದು. ನಾನು ‘ಹೂಂ’ ಅಂದೆ. ಮತ್ತೇನಾದರೂ ಹೇಳಬೇಕು ಅನ್ನುವಷ್ಟರಲ್ಲಿ ಬಸ್ಸು ತಿರುವು ದಾಟಿತು.

ಅಲ್ಲಿಗೆ ಎಲ್ಲ ನನ್ನದಾಯಿತು. ಕ್ಯಾರಿಯರಿನ ಮೇಲಿನ ಡಬ್ಬಿ ನನ್ನದು, ಆಫೀಸು ನನ್ನದು, ಬಂದವರು ಕೇಳುವುದು ನನ್ನನ್ನು. ಕೀಬೋರ್ಡಿನ ಸಂದಿಯಿಂದ ಕಡಲೆಕಾಯಿ ಸಿಪ್ಪೆ ಮಾತ್ರ ಬಹಳ ದಿನ ಬರುತ್ತಿತ್ತು. ಪ್ರೋಗ್ರಾಮಿನಲ್ಲಿ ತಪ್ಪಾದರೆ ನಗುವವರಿರಲಿಲ್ಲ, ಹಾಗಾಗಿ ತಪ್ಪು ಗೊತ್ತಾಗುವುದೂ ತಡವಾಗುತ್ತಿತ್ತು. ಒಂದೊಂದೇ ಬಸ್ಸಿನವರು ಬೇರೆ ಮಿಷಿನ್ ಹಿಡಿದರು. ಅಣ್ಣ ಈಗ ಅದೇ ರೂಮಿನಲ್ಲಿ ಮೊಬೈಲ್ ರಿಪೇರಿ ಮಾಡುತ್ತಾನೆ. ನಾನು ಅದೇ ಕಿಟಕಿಯ ಪಕ್ಕ ಕೂತು ಜನರಿಗೆ ಆನ್‍ಲೈನ್ ಅರ್ಜಿ ತುಂಬಿಕೊಡುತ್ತೇನೆ. ಪಕ್ಕದ ಕುರ್ಚಿಯಲ್ಲಿ ಅರ್ಜಿಗೆ ಬಂದವರು ಕೂರುತ್ತಾರೆ.

ಇಷ್ಟೂ ಮೊನ್ನೆ ಆ ಬಸ್ಸಿನಲ್ಲಿ, ಆ ಒಂದು ಪದದಿಂದ ಎದ್ದು ಬಂತು. ಕಂಡಕ್ಟರ್ ಟಿಕೆಟ್ ಕೊಡುತ್ತಾ ಇದ್ದರು. ತಡೆಯಲಾಗದೆ ಕೇಳಿದೆ, ‘ಈ ಮಿಷಿನ್ ಎಲ್ಲಿಂದ ತಂದಿದ್ದು ಸಾರ್?’

‘ಸಿರಾದಿಂದ ಕಣಮ್ಮ. ಅಲ್ಲಿ ಇಬ್ರು ಹೆಂಗಸ್ರು ಅಂಗಡಿ ಇಟ್ಟವ್ರೆ, ಪ್ರೋಗ್ರಾಮೆಲ್ಲ ಅವ್ರೇ ಮಾಡಾದು. ಒಬ್ರು ಪಾವಗಡದ ಕಡೇರು, ತೆಲುಗು ಬೆರೆಸ್ಕಂಡು ಮಾತಾಡ್ತಾರೆ. ಯಾವಾಗ್ಲೂ ನಗು.’

ಇಬ್ಬರು. ನನ್ನ ಕಿವಿಗೆ ಅದೊಂದೇ ಬಿದ್ದದ್ದು. ‘ಇನ್ನೊಬ್ರು ಯಾರು?’ ಅಂದೆ.

‘ಗೊತ್ತಿಲ್ಲ ಕಣಮ್ಮ. ಚಿಕ್ಕೋರು. ಮಾತಾಡಾಕಿಲ್ಲ, ಮೊಕ ಗಂಟಾಕ್ಕಂಡು ಕೂತಿರ್ತಾರೆ. ಈಯಮ್ಮ ಅವ್ರ ಪಕ್ಕದಾಗೇ ಕೂತ್ಕಂಡು, ಪಾಪಾ ಅಂಗ್ ಮಾಡು, ಪಾಪಾ ಇಂಗ್ ಮಾಡು ಅಂತಿರ್ತಾರೆ.’

‘ಪಾಪಾ ಅಂತಾರಾ?’

‘ಊಂ. ಅದೇ ಅವ್ರ ಹೆಸ್ರಿರ್ಬೇಕು.’

ಹೆಸರಲ್ಲ ಕಣಯ್ಯ ಅದು, ಗಂಡನ ತಂಗಿಯನ್ನು ಕರೆಯುವುದು, ಅವಳ ಗಂಡನಿಗೆ ತಂಗಿ ಅಂತ ಇದ್ದವಳು ನಾನೊಬ್ಬಳೇ ಅಂತ ನಾಲಿಗೆಯ ತುದಿಗೆ ಬಂತು. ಅಲ್ಲಿ ಕೂತಿರುವವಳು ಯಾರು, ಯಾವ ಊರಿನವಳು, ಅವಳಿಗೂ ಚಕ್ಕುಲಿ ಮುಂದೆ ಹಿಡಿಯುತ್ತಾಳೋ... ಒಂದು ಕಾಲಕ್ಕೆ ನನ್ನ ಜಾಗಕ್ಕೆ ಇವಳು ಬಂದುಬಿಟ್ಟಳಲ್ಲ ಅಂತ ಉರಿಯುತ್ತಿದ್ದೆ. ಇವಳ ಪಕ್ಕದ ಜಾಗವೂ ನನ್ನದೇ ಆಗಿತ್ತು ಅನ್ನುವುದು ಅಲ್ಲಿ ಬೇರೆಯವಳು ಕೂತ ಮೇಲೆ ಗೊತ್ತಾಯಿತು.

ಮಧುಗಿರಿಯಲ್ಲಿ ಇಳಿದಾಗ ಪಕ್ಕದಲ್ಲೇ ಸಿರಾ ಬಸ್ಸು ನಿಂತಿತ್ತು. ಸಿರಾ, ಸಿರಾ, ಸಿರಾ ಅಂತ ಕೂಗುತ್ತಿದ್ದರು. ಬಾಗಿಲ ಹತ್ತಿರದವರೆಗೂ ಹೋದೆ. ಹತ್ತಬಹುದಿತ್ತು. ಹತ್ತಿ ಹೋಗಿ ಆ ಅಂಗಡಿಯ ಮುಂದೆ ನಿಂತು ಅವಳನ್ನು ಏನಂತ ಕರೆಯಲಿ? ಅತ್ತಿಗೆ ಅನ್ನುವ ಹಾಗಿಲ್ಲ, ಅಣ್ಣನಿಗೆ ಮತ್ತೆ ಮದುವೆಯಾಗಿದೆ, ಆ ಮಾತು ಈಗ ಇನ್ನೊಬ್ಬರದು. ಹೆಸರು ಹಿಡಿದು ಯಾವತ್ತೂ ಕರೆದವಳಲ್ಲ. ಒಳಗಿನಿಂದ ಅವಳು ಪಾಪಾ ಅಂತ ಕೂಗಿದರೂ ಓ ಅನ್ನುವವಳು ನಾನಲ್ಲ. ಕ್ಲೀನರ್, ‘ಬತ್ತೀರೇನಮ್ಮ?’ ಅಂದ. ಇಲ್ಲ ಅಂತ ತಲೆಯಾಡಿಸಿ ದಾರಿ ಬಿಟ್ಟು ನಿಂತೆ.